ಮೂಲೆಯ ಕೆಂಪು

ಜನವರಿ 20, ಮಂಗಳವಾರ

ಮತ್ತೆ ತಾರಸಿ. ಮತ್ತೆ ಮಂಜು. ಬಣ್ಣದ ಕೊಕ್ಕರೆಗಳು ಹೊಳೆ ನಡುವಿನ ದಿಬ್ಬಕ್ಕೆ ಇಳಿದಿದ್ದವು. ತೆಗೆದ ಫೋಟೋ ಎಲ್ಲ ರವೆ ರವೆ. ಝೂಮನ್ನ ಪೂರ್ತಿ ಆರುನೂರು ಎಂಎಂಗೆ ಎಳೆದರೆ ಈ ಲೆನ್ಸಿಗೆ ಬೆಳಕು ಸಾಲದು. ಬೆಳಕು ಬರಲಿ ಅಂತ ಕಾದರೆ ಹಕ್ಕಿ ಕಾಯಲ್ಲ. ಬಿಸಿಲು ಏರಿತೋ, ಮರಳಿಂದ ಝಳ ಎದ್ದು ಎಲ್ಲಾ ತೇಲಾಡುತ್ತೆ. ಕತ್ತು ಬೇರೆ ಹಿಡ್ಕೊಂಡಿದೆ. ಎರಡು ಕೇಜಿ ಹತ್ತಿರ ಭಾರ. ಅತ್ತೆ ಕೆಳಗಿಂದ — "ಕೂಸೆತ್ಕಂಡಂಗೆ ಎತ್ಕಂಡಿರ್ತೀಯಲ್ಲವ್ವ ಅದ್ನ, ಆಲು ಕುಡೀತದಾ?"

ನಗು ಬಂತು. ಆದರೂ ಬಿಡೋಕಾಗಲ್ಲ. ನಮ್ಮ ಸೋಸಲೆ ಮನೆಯಿಂದ ಹೊಳೆ ಅರ್ಧ ಕಿಲೋಮೀಟರ್. ಕಣ್ಣಿಟ್ಟರೆ ಹೊಳೇನೇ ತಾರಸಿಗೆ ಬಂದು ಕೂರುತ್ತೆ. ಆಚೆ ದಡದ ಗುಡಿ ಗೋಪುರವೂ. ಹಿಂದಿರೋದನ್ನ ಎಳೆದು ಮುಂದಿರೋದಕ್ಕೆ ಅಂಟಿಸೋದು ಈ ಲೆನ್ಸಿನ ಗುಣ. ದಿಬ್ಬಕ್ಕೂ ಗೋಪುರಕ್ಕೂ ನಡುವೆ ಹೊಳೆ, ಗದ್ದೆ ಬಯಲು ಎಲ್ಲ ಇದೆ. ಫೋಟೋದಲ್ಲಿ ನೋಡಿದರೆ ಕೊಕ್ಕರೆ ಗುಡಿ ಬಾಗಿಲಲ್ಲೇ ಪ್ರಸಾದಕ್ಕೆ ನಿಂತ ಹಾಗಿದೆ!

ಹತ್ತಿರದ್ದು ಮಾತ್ರ ಹಿಡಿಯಲ್ಲ. ಅತ್ತೆ ಒಣಹಾಕಿದ ಕೆಂಪು ಸೀರೆ ಗಾಳಿಗೆ ಅಡ್ಡ ಬಂದು ಮೂಲೇಲಿ ಕೆಂಪು ಮಬ್ಬು. ಸೀರೆ ಅಂತ ಉಟ್ಟವರಿಗೂ ಗೊತ್ತಾಗಲ್ಲ. ತಂತಿ ಆ ಕಡೆ ಕಟ್ಟಿಸಬೇಕು. ಇವರಿಗೆ ಹೇಳಿ ಹೇಳಿ ಸಾಕಾಯ್ತು.

ನರಸೀಪುರದ ಬಸ್ಸು ತಪ್ಪಿತು. ಸ್ಟುಡಿಯೋ ತೆಗೆಯೋದು ಲೇಟು. ಬಾಗಿಲಲ್ಲಿ ಪಾಸ್‌ಪೋರ್ಟ್ ಸೈಜಿನವರು ಸಿಡಿಮಿಡಿ.

ಜನವರಿ 23, ಶುಕ್ರವಾರ

ಇವತ್ತು ಕೊಕ್ಕರೆ ಇಲ್ಲ. ಜೆಸಿಬಿ.

ಹೊಳೆ ಒಳಗೇ ಇಳಿದಿದೆ. ಟ್ರ್ಯಾಕ್ಟರ್‌ಗಳು ಸಾಲಾಗಿ. ಮರಳು ತುಂಬ್ತಿದ್ದಾರೆ. ಕರಿಯಯ್ಯನವರ ತರಕಾರಿ ತೋಟದ ಬುಡದಲ್ಲೇ ಅಗೆಯೋದು. ನೋಡ್ತಾ ಇದ್ದ ಹಾಗೆ ದಡದ ಒಂದು ತುಂಡು ಬದನೆ ಗಿಡದ ಸಮೇತ ನೀರಿಗೆ ಜಾರಿತು. ಸದ್ದಿಲ್ಲ. ಅಷ್ಟು ದೂರದ ಸದ್ದು ಬರಲ್ಲ. ಲೆನ್ಸಲ್ಲಿ ಕಾಣೋದೆಲ್ಲ ಮೂಕಿ ಸಿನಿಮಾ.

ನಂಜೇಶ ನಿಂತಿದ್ದ. ಟ್ರ್ಯಾಕ್ಟರ್‌ಗಳೆಲ್ಲ ಅವನವೇ. ಬಿಳಿ ಷರ್ಟು, ಕೈಯಲ್ಲಿ ಟೀ ಲೋಟ. ಹೋದ ವರ್ಷ ಅವನ ಮಗಳ ನಾಮಕರಣಕ್ಕೆ ಫೋಟೋ ತೆಗೆದವಳು ನಾನೇ. ಎಲ್ಲರಿಗೂ ಅವನೇ ಎಲೆ ಹಾಕಿ, ನನಗೆ ಎರಡು ಸಲ ಹೋಳಿಗೆ ಬಡಿಸಿದ್ದ.

ಕೈ ತಾನಾಗಿ ಒತ್ತಿತು. ಮುಖ, ನಂಬರ್ ಪ್ಲೇಟು, ಹಿಂದೆ ದೊಡ್ಡದಾಗಿ ಗೋಪುರ. ಸ್ಪಷ್ಟ. ಇಷ್ಟು ದಿನ ಒಂದು ಹಕ್ಕಿಗೂ ಇಷ್ಟು ಒಳ್ಳೆ ಫೋಟೋ ಬಂದಿರಲಿಲ್ಲ.

ಜನವರಿ 24, ಶನಿವಾರ

ಕರಿಯಯ್ಯನವರೂ ಅವರ ಹೆಂಡತಿ ಮಹದೇವಮ್ಮನೂ ಸ್ಟುಡಿಯೋಗೆ ಬಂದಿದ್ದರು. ಮಗಳು ಆಶಾರಾಣಿ ಡಿಗ್ರಿ ಎರಡನೇ ವರ್ಷ. ಸ್ಕಾಲರ್‌ಶಿಪ್ ಅರ್ಜಿಗೆ ಅವಳ ಫೋಟೋ ಪ್ರಿಂಟ್ ಬೇಕಿತ್ತು. ತೋಟ ಹೇಗಿದೆ ಅಂದೆ.

"ಏನ್ ತ್ವಾಟ ಕಣವ್ವ. ದಿನಾ ಒಸಿ ಒಸಿ ಒಳೆಗೋಯ್ತಾ ಅದೆ. ಈ ಬ್ಯಾಸ್ಗೆಗೆ ಪಂಪಿನ್ ಸೆಡ್ಡೂ ಓದ್ರೆ ಮುಗೀತು."

"ಯಾರಿಗೂ ಹೇಳಲಿಲ್ವಾ ಅಣ್ಣ?"

"ಯಾರ್ಗಂತ ಯೋಳಾನೆ?"

ಅವರು ಹೋದ ಮೇಲೆ ಜೆಸಿಬಿ ಫೋಟೋನ ಗುರುಪ್ರಸಾದ್‌ಗೆ ಕಳಿಸಿದೆ. ನಂಜನಗೂಡಿನಲ್ಲಿ ಪೇಪರಿಗೆ ವರದಿ ಬರೀತಾರೆ, ಕಾಲೇಜಲ್ಲಿ ನನ್ನ ಸೀನಿಯರ್. ಹೆಸರು ಹಾಕಲ್ಲ ಅಂತ ಎರಡು ಸಲ ಹೇಳಿಸಿಕೊಂಡೆ. ಇವರಿಗೆ ಹೇಳಿಲ್ಲ. ಹೇಳಿದರೆ ಬೇಡ ಅಂತಾರೆ.

ಜನವರಿ 28, ಬುಧವಾರ

ಬಂತು! ಮೊದಲ ಪುಟದಲ್ಲಿ, ಅಗಲಕ್ಕೆ. ಅಧಿಕಾರಿಗಳು ಬಂದು ಜೆಸಿಬಿ ಎಳ್ಕೊಂಡು ಹೋದರಂತೆ. ಬಸ್ಸಲ್ಲಿ ಎಲ್ಲರ ಮೊಬೈಲಲ್ಲೂ ನನ್ನ ಫೋಟೋ. ಪಕ್ಕದ ಸೀಟಿನವರು ನನಗೇ ತೋರಿಸಿದರು — ಎಂಥಾ ಗಂಡೆದೆ ಇರಬೇಕು ನೋಡಿ ಮೇಡಂ, ಅಷ್ಟು ಹತ್ರ ಹೋಗಿ ತೆಗ್ದವ್ರೆ.

ಗಂಡೆದೆ! ನೈಟಿ ಮೇಲೆ ಸ್ವೆಟರ್ ಹಾಕ್ಕೊಂಡು, ನೀರಿನ ಟ್ಯಾಂಕಿಗೆ ಒರಗಿ ತೆಗೆದದ್ದು. ಒಳಗೊಳಗೇ ಕುಣಿದೆ.

ಮನೆಗೆ ಬಂದು ಮೊಬೈಲಲ್ಲಿ ದೊಡ್ಡದು ಮಾಡಿ ನೋಡಿದಾಗ ಕಂಡಿತು. ಕೆಳಗಿನ ಎಡ ಮೂಲೇಲಿ ಕೆಂಪು ಮಬ್ಬು. ಸೀರೆ.

ಕಳಿಸೋ ಮುಂಚೆ ಕತ್ತರಿಸಲೇ ಇಲ್ಲ. ಮದುವೆ ಆಲ್ಬಮ್ಮಿನಲ್ಲಿ ಯಾರದೋ ಮೊಣಕೈ ಇದ್ದರೂ ಕತ್ತರಿಸೋಳು ನಾನು. ಯಾರಾದರೂ ಸೀರೆ ಗುರುತು ಹಿಡಿದರೆ ನಮ್ಮ ತಾರಸಿ ಅಂತ ಗೊತ್ತಾಗುತ್ತೆ.

ಜನವರಿ 30, ಶುಕ್ರವಾರ

ನಂಜೇಶ ಬಂದಿದ್ದ.

ಬರೆದೇಬಿಡ್ತೀನಿ. ಯಾರಿಗೆ ಹೇಳಲಿ ಬೇರೆ. ಸ್ಟುಡಿಯೋದಲ್ಲಿ ನಾನೊಬ್ಬಳೇ. ನಗ್ತಾನೇ ಬಂದ. ಕುರ್ಚಿ ಎಳ್ಕೊಂಡು ಕೂತ. ಮಗಳಿಗೆ ಹಲ್ಲು ಬಂದ ಸುದ್ದಿ ಹೇಳಿದ. ಆಮೇಲೆ ಮೊಬೈಲ್ ತೆಗೆದು ಕೌಂಟರಿನ ಮೇಲಿಟ್ಟ.

"ಅಕ್ಕ, ನೀವು ಈ ಕಸುಬ್ನಲ್ಲಿರೋರು. ಒಸಿ ನೋಡಿ ಯೋಳಿ. ಇದ ಎಲ್ಲಿಂದ ತೆಗ್ದವ್ರೆ?"

ನೋಡಿದ ಹಾಗೆ ಮಾಡಿದೆ. ಲೆನ್ಸು ನನ್ನ ಹಿಂದಿನ ಬೀರುವಿನಲ್ಲೇ ಇತ್ತು. ನಾಳೆಯ ಮದುವೆಗೆ ಅಂತ ಎರಡೂ ಬ್ಯಾಗು ತಂದಿದ್ದೆ. ಬೀರುವಿಗೆ ಗಾಜಿನ ಬಾಗಿಲು. ಬ್ಯಾಗಿನ ಜಿಪ್ ಹಾಕಿದ್ದೀನಾ ಇಲ್ಲವಾ... ತಿರುಗಿ ನೋಡೋ ಧೈರ್ಯ ಬರಲಿಲ್ಲ.

"ಇದೇನು ಮೂಲೇಲಿ, ಕೆಂಪಗೆ?"

ಸೀರೆ ಅನ್ನೋದು ನಾಲಗೆ ತುದೀಲಿತ್ತು. ಬಾಯಿಂದ ಬಂದದ್ದು ಬೇರೆ.

"ಬೆರಳು ಅಡ್ಡ ಬಂದಿರುತ್ತೆ. ಮೊಬೈಲಲ್ಲಿ ತೆಗೆಯೋವಾಗ ಹೀಗಾಗುತ್ತೆ. ಬೆಳಕಿಗೆ ಬೆರಳು ಕೆಂಪಗೆ ಕಾಣುತ್ತೆ."

ಎಷ್ಟು ಚೆನ್ನಾಗಿ ಹೊಂದಿತು. ನಿಜವೇ ಇರಬಹುದು ಅಂತ ನನಗೇ ಅನ್ನಿಸಿಬಿಟ್ಟಿತು.

"ಓ... ಮೊಬೈಲು." ಮೊಬೈಲ್ ಜೇಬಿಗೆ ಹಾಕ್ಕೊಂಡ. "ಅಂಗಾರೆ ಪಕ್ಕದಲ್ಲೇ ನಿಂತ್ಕಂಡು ತೆಗ್ದವ್ರೆ. ಆ ಜಾಗದಲ್ಲಿ ಮರೆ ಅಂತ ಇರೋದು ಕರಿಯಯ್ಯನ್ ಸೆಡ್ಡೊಂದೇ ಕಣಕ್ಕ."

ಥ್ಯಾಂಕ್ಸ್ ಅಂದ. ಎದ್ದು ಹೋದ. ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಬದುಕಿದೆ ಅಂತ ಅನ್ನಿಸಿತು. ಅದೇ ಮೊದಲು ಅನ್ನಿಸಿದ್ದು. ಬರೆದಿಡ್ತೀನಿ.

ಫೆಬ್ರವರಿ 3, ಮಂಗಳವಾರ

ಬರೆಯೋಕೆ ಮನಸ್ಸಿರಲಿಲ್ಲ.

ಕರಿಯಯ್ಯನವರ ಪಂಪಿನ ಕೇಬಲ್ಲು ಕತ್ತರಿಸಿದ್ದಾರೆ. ಸ್ಟಾರ್ಟರ್ ಕಿತ್ತು ಹೊಳೆಗೆ ಎಸೆದಿದ್ದಾರೆ. ಅದಾದ ಮೇಲೆ, ಬಸ್‌ ಸ್ಟಾಪಿನಲ್ಲಿ ಯಾರೋ ಇಬ್ಬರು ಬೈಕಿನಲ್ಲಿ ಬಂದು ಆಶಾರಾಣಿ ಕೈಯಿಂದ ಮೊಬೈಲ್ ಕಿತ್ಕೊಂಡರಂತೆ. ಒಳಗೆಲ್ಲ ಹುಡುಕಿ, ಫೋಟೋ ಸಿಗದೆ, "ಅಳಿಸಾಕಿದ್ದೀಯಾ" ಅಂತ ಗದರಿ, ಮೊಬೈಲನ್ನ ಕಲ್ಲಿಗೆ ಬಡಿದರಂತೆ. ಇನ್ನೊಂದು ಸಲ ಮೊಬೈಲ್ ಅಲ್ಲ ಅಂದರಂತೆ.

ಇದನ್ನೆಲ್ಲ ಹೇಳಿದ್ದು ಅತ್ತೆ. ಹಾಲಿನ ಡೈರಿಯಲ್ಲಿ ಕೇಳಿಕೊಂಡು ಬಂದರು. "ಆ ಎಣ್ಮಗೀಗೆ ಯಾಕವ್ವ ಬೇಕಿತ್ತು ಈ ಫೋಟೋ ಗೀಟೋ?"

ಊರೆಲ್ಲ ಹಾಗೇ ಅಂದುಕೊಂಡಿದೆ. ಊರಿಗೆ ಹಾಗೆ ಹೇಳಿದವಳು ನಾನು.

ಕೆಂಪು ಸೀರೆಯನ್ನ ತಂತಿಯಿಂದ ತೆಗೆದು ಟ್ರಂಕಿನ ತಳಕ್ಕೆ ಹಾಕಿದೆ.

ಫೆಬ್ರವರಿ 4, ಬುಧವಾರ

ಇವರಿಗೆ ಹೇಳಿಬಿಟ್ಟೆ. ನಂಜನಗೂಡಿನ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬಂದು ಕಾಫಿ ಕುಡೀತಿದ್ದರು. ಲೋಟ ಕೆಳಗಿಟ್ಟರು.

"ಲೆನ್ಸು ಮಾರ್ಬಿಡಣ."

"ರೀ, ಅದಲ್ಲ ಕೇಳ್ತಿರೋದು. ಕರಿಯಯ್ಯನವರು..."

"ಕೇಳುಸ್ತು ಕಣೆ. ಅವರ ಹತ್ರ ಫೋಟೋ ಇಲ್ಲ. ನಂಜೇಶನ ಕಡೆಯೋರು ನಾಕ್ ದಿನ ಹುಡುಕ್ತಾರೆ, ಸುಮ್ಮನಾಗ್ತಾರೆ. ನಿಂದು ಗೊತ್ತಾದ್ರೆ ಸುಮ್ಮನಾಗಲ್ಲ. ನಾನ್ ಶಿಫ್ಟಿಗೆ ಹೋದ್ರೆ ಮನೇಲಿ ನೀವಿಬ್ಬರೇ ಹೆಂಗಸ್ರು."

ನನ್ನ ಗಂಡ ಅಮೃತೇಶ ಹೇಡಿ ಅಲ್ಲ. ನನ್ನ ಮೇಲಿನ ಅಕ್ಕರೆಗೇ ಹೇಳಿದ್ದು. ನನಗೂ ಅದೇ ಬೇಕಿತ್ತು, ಯಾರಾದರೂ ಸುಮ್ಮನಿರು ಅನ್ನೋದು. ಅಂದಮೇಲೂ ನಿದ್ದೆ ಬರಲಿಲ್ಲ.

ಗುರುಪ್ರಸಾದ್‌ಗೆ ಫೋನ್ ಮಾಡಿದೆ. ಮತ್ತೊಂದು ವರದಿ ಬರೀರಿ, ಫೋಟೋ ದೂರದಿಂದ ತೆಗೆದದ್ದು ಅಂತ ಹಾಕಿ ಅಂದೆ. "ದೂರದಿಂದ ಅಂದ್ರೆ ಎಲ್ಲಿಂದ, ಯಾರು ಅಂತ ಕೇಳ್ತಾರಲ್ಲ ಅರ್ಪಿತ?" ಅಂದರು. ಅಲ್ಲಿಗೆ ಮುಗೀತು.

ಫೆಬ್ರವರಿ 7, ಶನಿವಾರ

ಕರಿಯಯ್ಯನವರ ಶೆಡ್ಡಿಗೆ ಹೋಗಿದ್ದೆ. ತರಕಾರಿ ತಗೊಳ್ಳೋ ನೆಪ. ತರಕಾರಿ ಎಲ್ಲಿದೆ, ನೀರಿಲ್ಲದೆ ಬದನೆ ತಲೆ ಬಾಗಿಸಿದೆ.

ಶೆಡ್ಡಿನ ಬಾಗಿಲಲ್ಲಿ ನಿಂತು ತಿರುಗಿ ನೋಡಿದೆ. ನಮ್ಮ ತಾರಸಿ, ನೀಲಿ ಟ್ಯಾಂಕು ಅಕ್ಕಿಕಾಳಿನಷ್ಟು. ಈ ಕಡೆ ಜೆಸಿಬಿ ನಿಂತಿದ್ದ ಜಾಗ, ಅದರಾಚೆ ಗೋಪುರ. ಎಲ್ಲಾ ಒಂದೇ ಗೆರೆ. ಕರಿಯಯ್ಯನವರ ತಲೆ ಮೇಲಿಂದ ಹಾಯಿಸಿ ತೆಗೆದಿದ್ದೀನಿ. ಆಗ ಶೆಡ್ಡು ಫ್ರೇಮಿನ ಕೆಳಗಿತ್ತು. ಅಲ್ಲೊಬ್ಬರು ಮನುಷ್ಯರಿದ್ದಾರೆ ಅನ್ನೋದು ಕಾಣಲೇ ಇಲ್ಲ.

ಅಲ್ಲೇ ನಿಂತು ಮೊಬೈಲಲ್ಲಿ ಒಂದು ತೆಗೆದೆ. ಗೋಪುರ ಹೆಬ್ಬೆರಳಿನ ಉಗುರಿನಷ್ಟು ಬಂತು. ಇಲ್ಲಿಂದ ಯಾರು ತೆಗೆದರೂ ಅಷ್ಟೇ ಬರೋದು. ಪೇಪರಿನದರಲ್ಲಿ ಗೋಪುರ ಜೆಸಿಬಿಗಿಂತ ಎತ್ತರ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಚಿಕ್ಕ ಮಗುವೂ ಹೇಳುತ್ತೆ, ಇದು ಇಲ್ಲಿಂದ ತೆಗೆದದ್ದಲ್ಲ ಅಂತ.

ಕರಿಯಯ್ಯನವರನ್ನ ಉಳಿಸೋ ಸಾಕ್ಷಿ ಅದೊಂದೇ. ಅದನ್ನ ಕೊಟ್ಟರೆ ಮುಂದಿನ ಪ್ರಶ್ನೆ, ಅಂಥಾ ಲೆನ್ಸು ಯಾರ ಹತ್ತಿರ ಇದೆ. ನರಸೀಪುರದಲ್ಲೆಲ್ಲ ಅದಿರೋದು ನನ್ನ ಹತ್ತಿರ ಮಾತ್ರ.

"ಆಶಾ ಕಾಲೇಜಿಗೆ ಹೋಗ್ತಿದ್ದಾಳಾ ಅಣ್ಣ?"

"ಇಲ್ಲ ಕಣವ್ವ. ಅವ್ಳ್ ದಿಗಿಲಿಗೆ ಅವರವ್ವ ಕದಾನೇ ತೆಗ್ಯಾಕಿಲ್ಲ. ತ್ವಾಟ ಬುಟ್ಟು ಓಗಿ ಅಂತ ಯೋಳ್ಕಳ್ಸವ್ರೆ. ಸಿವರಾತ್ರಿ ಒಳಗೆ."

"ನೀವು ತೆಗೆದಿಲ್ಲ ಅಂತ ಹೇಳಲಿಲ್ವಾ?"

"ಯೋಳ್ದೆ. ಬೆರಳಿನ್ ಗುರ್ತದೆ ಅಂದ್ರು. ಫೋಟೋದವರೇ ನೋಡಿ ಯೋಳವ್ರೆ ಅಂದ್ರು." ಅವರು ತಮ್ಮ ಬೆರಳು ನೋಡಿಕೊಂಡರು. "ನಂಗೇನ್ ಗೊತ್ತಾದದು. ಮಗ್ಳು ಸುಳ್ಳೇಳಾಕಿಲ್ಲ ಅಂತ ಗೊತ್ತು."

ಫೋಟೋದವರು ಯಾರು ಅಂತ ಅವರು ಕೇಳಲಿಲ್ಲ. ಉಳಿದಿದ್ದ ನಾಲ್ಕು ಬದನೆಕಾಯಿ ಕಿತ್ತು ನನ್ನ ಸೆರಗಿಗೆ ಹಾಕಿದರು. ದಾರಿಯುದ್ದಕ್ಕೂ ಅಳ್ತಾ ಬಂದೆ. ನಾಚಿಕೆಯಾಗಿ, ಹೆದರಿ, ಎರಡಕ್ಕೂ.

ಫೆಬ್ರವರಿ 9, ಸೋಮವಾರ

ಮುಗಿಸಿದೆ.

ನಾನೇ ಫೋನ್ ಮಾಡಿ ನಂಜೇಶನನ್ನ ಸ್ಟುಡಿಯೋಗೆ ಕರೆದೆ. ಬಂದ. ಅದೇ ಕುರ್ಚಿ. ಎರಡು ಪ್ರಿಂಟು ಕೌಂಟರಿನ ಮೇಲಿಟ್ಟೆ. ಶೆಡ್ಡಿನಿಂದ ತೆಗೆದದ್ದು, ಪೇಪರಿನದ್ದು. ಗೋಪುರ ತೋರಿಸಿದೆ.

ಅವನು ದಡ್ಡನಲ್ಲ. ಒಂದು ಸಲ ನೋಡಿದ, ಸಾಕಾಯ್ತು.

"ಅಂಗಾರೆ ಮೊಬೈಲಲ್ಲ."

"ಅಲ್ಲ."

"ಬೆರಳೂ ಅಲ್ಲ."

"ಅತ್ತೆ ಸೀರೆ. ನಮ್ಮ ತಾರಸೀಲಿ ಒಣಗ್ತಿತ್ತು." ಬೀರು ತೆಗೆದು ಲೆನ್ಸನ್ನ ಕ್ಯಾಮೆರಾ ಸಮೇತ ಅವನ ಮುಂದಿಟ್ಟೆ. "ಕರಿಯಯ್ಯನವರಿಗೆ ಏನೂ ಗೊತ್ತಿಲ್ಲ ನಂಜೇಶ. ಆ ಹುಡುಗೀಗೂ ಗೊತ್ತಿಲ್ಲ."

ಬಯ್ತಾನೆ ಅಂದುಕೊಂಡೆ. ಬಯ್ಯಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಾಗ್ತಿತ್ತು. ಎರಡೂ ಕೈಯಲ್ಲಿ ಎತ್ತಿ ತೂಕ ನೋಡಿದ.

"ಭಾರ ಅದೆ. ನಮ್ ಕೂಸಿನ ಎಸ್ರಿಡೋ ದಿನ ಇದ್ರಲ್ಲೇ ತೆಗುದ್ರಾ?"

"ಇಲ್ಲ. ಹತ್ತಿರದ್ದು ಇದರಲ್ಲಿ ಬರಲ್ಲ."

ಕಣ್ಣಿಗಿಟ್ಟು ಬಾಗಿಲಾಚೆ ನೋಡಿದ. ರಸ್ತೆ ಕೊನೆಯ ಬಸ್ ಸ್ಟ್ಯಾಂಡಿನ ಕಡೆ. ನಿಧಾನಕ್ಕೆ ತಿರುಗಿಸಿದ. ಯಾರನ್ನೋ ಹುಡುಕೋ ಹಾಗೆ.

"ಎಲ್ಲಾರೂ ಕೈಗೆ ಸಿಕ್ಕೋ ಅಂಗವ್ರೆ ಕಣಕ್ಕ."

ಮೆತ್ತಗೆ ಕೆಳಗಿಟ್ಟ. ಎರಡು ಪ್ರಿಂಟನ್ನೂ ಮಡಿಸಿ ಜೇಬಿಗೆ ಹಾಕ್ಕೊಂಡ. "ಬತ್ತೀನಿ" ಅಂದ. ಅಷ್ಟೇ.

ಬತ್ತೀನಿ. ಎಲ್ಲರೂ ಹೊರಡುವಾಗ ಅನ್ನೋ ಮಾತೇ. ಮನೆಗೆ ಬಂದ ಮೇಲೂ ಕಿವಿಯಲ್ಲಿ ಅದೇ. ಇವರಿಗೆ ಹೇಳಿದೆ. ಬಯ್ಯಲಿಲ್ಲ. ಮುಂಬಾಗಿಲಿಗೆ ಇನ್ನೊಂದು ಚಿಲಕ ಹಾಕಿದರು. ರಜಾ ಕೇಳಿದರು, ಸಿಗಲಿಲ್ಲ.

ಫೆಬ್ರವರಿ 10, ಮಂಗಳವಾರ. ಬೆಳಿಗ್ಗೆ

ಇವರು ಮೊದಲ ಶಿಫ್ಟಿಗೆ ಹೋದರು. ಫೋನ್ ಕೈಯಲ್ಲೇ ಇಟ್ಕೊ ಅಂದರು. ಬಾಗಿಲು ಯಾರಿಗೂ ತೆಗೀಬೇಡ ಅಂದರು. ಅದನ್ನ ಅತ್ತೆಗೆ ಹೇಗೆ ಹೇಳೋದು, ಯಾಕೆ ಅಂತ ಕೇಳ್ತಾರೆ. ಅವರಿಗೆ ಇನ್ನೂ ಏನೂ ಗೊತ್ತಿಲ್ಲ. ಟ್ರಂಕಿನಲ್ಲಿ ಕೆಂಪು ಸೀರೆ ಸಿಕ್ಕಿತಂತೆ. ಬೂಸಲು ಹಿಡಿದಿದೆ, ಯಾರು ತುರುಕಿದ್ದು ಅಂತ ಗೊಣಗಿಕೊಂಡೇ ಒಗೆದು ತಂದು ತಂತಿಗೆ ಹಾಕಿ ಹೋದರು. ಹಾಕಲಿ. ಇನ್ನು ಮುಚ್ಚಿಡೋದಕ್ಕೇನಿದೆ.

ಡೈರಿ ಹಿಡ್ಕೊಂಡೇ ತಾರಸಿಗೆ ಬಂದೆ. ಕೆಳಗಿದ್ದರೆ ಗೇಟಿನ ಕಡೆಗೇ ಕಿವಿ ಹೋಗುತ್ತೆ.

ಲೆನ್ಸಿಟ್ಟು ನೋಡಿದೆ. ಟ್ಯಾಂಕಿಗೆ ಒತ್ತಿ ಹಿಡಿದೆ. ಹೊಳೆಯಲ್ಲಿ ಯಾರೂ ಇಲ್ಲ. ಕರಿಯಯ್ಯನವರ ಶೆಡ್ಡು. ಗೋಡೆ ಮೇಲೆ ಹೊಸ ಸ್ಟಾರ್ಟರ್. ಯಾರು ಹಾಕಿಸಿದರು? ಅವರಿಗಂತೂ ಆಗೋದಲ್ಲ. ಪೈಪಿನ ಬಾಯಿಂದ ನೀರು ದಬದಬ ಬೀಳ್ತಿದೆ! ಕರಿಯಯ್ಯನವರು ಗುದ್ದಲಿ ಹಿಡಿದು ಬದನೆ ಸಾಲಿಗೆ ನೀರು ತಿರುಗಿಸ್ತಿದ್ದಾರೆ. ಬದುವಿನ ಮೇಲೆ ಆಶಾರಾಣಿ. ಹೆಗಲಿಗೆ ಕಾಲೇಜಿನ ಬ್ಯಾಗು. ಅಪ್ಪನಿಗೆ ಏನೋ ಹೇಳಿ ನಗ್ತಾಳೆ.

ಅಳು ಬಂತು. ಎಷ್ಟು ದಿನ ಆಯ್ತು ಹೀಗೆ ಉಸಿರು ಬಿಟ್ಟು.

ಆಮೇಲೆ ತಿಳೀತು. ಅವರನ್ನ ನಂಜೇಶ ಬಿಟ್ಟಿದ್ದಾನೆ ಅಂದರೆ ಇನ್ನು...

ಬೈಕು. ಗೇಟಿನ ಹತ್ತಿರ ನಿಂತ ಹಾಗಾಯ್ತು. ಇಣುಕಿದೆ, ಮಾವಿನ ಮರ ಅಡ್ಡ. ಲೆನ್ಸು ಇಟ್ಟೆ, ಏನೂ ಕಾಣಲ್ಲ, ಬರೀ ಮಬ್ಬು. ಇಷ್ಟು ಹತ್ತಿರ ಹಿಡಿಯಲ್ಲ ಇದು. ಫೋಕಸ್ಸಿಗೆ ಮುಂದಕ್ಕೂ ಹಿಂದಕ್ಕೂ ಹುಡುಕ್ತಾ ಕಿರ್ ಕಿರ್ ಅಂತಿದೆ.

ಇವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಫ್ಯಾಕ್ಟರಿ ಒಳಗೆ ಫೋನ್ ಬಿಡಲ್ಲ. ಮತ್ತೆ ಮಾಡಿದೆ.

ಅತ್ತೆ ಚಿಲಕ ತೆಗೆದರು. ಎರಡೂ. ಯಾರನ್ನೋ ಮಾತಾಡಿಸ್ತಿದ್ದಾರೆ. ಗುರುತಿನವರನ್ನ ಮಾತಾಡಿಸೋ ದನಿ. ಕೂಸು ಚೆನ್ನಾಗಿದೆಯಾ ಅಂತ ಕೇಳ್ತಿದ್ದಾರೆ.

"ಮ್ಯಾಲವ್ಳೆ ಕಣಪ್ಪ, ಓಗು. ಕಾಫಿ ಅಲ್ಲಿಗೇ ತತ್ತೀನಿ." ಮೆಟ್ಟಿಲಲ್ಲಿ ಹೆಜ್ಜೆ ಸದ್ದು.