ಕಾಲು ಸುಮ್ಮನಿದೆ

ಜೂನ್ ೧೧, ಮಂಗಳವಾರ ರಾತ್ರಿ.

ಕಾಲು ನೋಯುತ್ತಿಲ್ಲ. ನನಗಿನ್ನೂ ನಂಬಿಕೆ ಬರುತ್ತಿಲ್ಲ.

ಮೂಳೆಯೊಳಗಿನ ಆ ಗಡ್ಡೆ ಅಂಗಿ ಗುಂಡಿಗಿಂತ ಚಿಕ್ಕದಂತೆ. ನಿನ್ನೆ ಡಾಕ್ಟರು ಸೂಜಿ ಇಳಿಸಿ ಅದನ್ನು ಒಳಗೇ ಸುಟ್ಟುಹಾಕಿದರು. "ಕ್ಯಾನ್ಸರ್ ಅಲ್ಲಮ್ಮ. ಹೊಲಿಗೆನೂ ಬೇಡ," ಎಂದರು. ದರ್ಜಿ ನಾನು, ಹೊಲಿಗೆಯೇ ಇಲ್ಲದ ಕೆಲಸ ಕಂಡು ಬೆಪ್ಪಾದೆ. ಎರಡು ವರ್ಷ ನಿದ್ದೆ ಕೆಡಿಸಿದ್ದಕ್ಕೆ ಈಗ ಉಳಿದಿರುವುದು ಸೊಳ್ಳೆ ಕಚ್ಚಿದಷ್ಟು ಗುರುತು.

ಈಗಷ್ಟೇ, ನೋವು ಬರುವ ಮಾಮೂಲಿ ಹೊತ್ತಿಗೆ ಎಚ್ಚರವಾಯಿತು. ಹಲ್ಲು ಕಚ್ಚಿ ಕಾದೆ. ನೋವು ಬರಲೇ ಇಲ್ಲ. ಪಕ್ಕದಲ್ಲಿದ್ದ ನಮ್ಮ ಯಜಮಾನರು ಎಂದಿನಂತೆ ಎದ್ದು ಕೂತು, "ಕೊಡು ಕಾಲು, ಒತ್ತುತೀನಿ," ಎಂದರು. ಬೇಡವೆನ್ನಲು ಮನಸ್ಸಾಗದೆ ಚಾಚಿದೆ.

ಒತ್ತುತ್ತಲೇ ಗೊರಕೆ ಹೊಡೆಯುತ್ತಿದ್ದರು. ನನ್ನ ಜೊತೆ ಎರಡು ವರ್ಷ ನಿದ್ದೆಗೆಟ್ಟ ಮನುಷ್ಯ ಅಂದುಕೊಂಡಿದ್ದೆ. ನೋವಿನ ಗಲಾಟೆಯಲ್ಲಿ ಆ ಗೊರಕೆ ಇಷ್ಟು ದಿನ ನನಗೆ ಕೇಳಿಸಿರಲೇ ಇಲ್ಲ...