ಬ್ಯಾಕ್ಟೀರಿಯಾಗಳ ಮರಣಕ್ಕೆ ಒಂದು ಸಂತಾಪ

ನೀರು ಸರಬರಾಜು ಮಂಡಳಿಯ ಅಧ್ಯಕ್ಷರೂ ಅದೇ ಮಂಡಳಿಯ ಹಸಿರು ರಸಾಯನ ಘಟಕದ ಮುಖ್ಯಸ್ಥರೂ ಆದ ಮಾನ್ಯರೇ,

ಕಳೆದ ವಾರ ತಮ್ಮ ಘಟಕದ ದೊಡ್ಡ ಟ್ಯಾಂಕಿನಲ್ಲಿ ಅಕಾಲ ಮರಣಕ್ಕೀಡಾದ ಬ್ಯಾಕ್ಟೀರಿಯಾಗಳಿಗೆ ನನ್ನ ಸಂತಾಪವಿರಲಿ. ಅವು ಸತ್ತದ್ದು ನಮ್ಮ ಬೀದಿಯ ನಲ್ಲಿಗಳಲ್ಲಿ ಬರುವ ನೀರಿನಿಂದ. ಅದೇ ನೀರು ಕುಡಿದು ನನ್ನ ಅಕ್ಕ ಅವುಗಳಿಗಿಂತ ಮೊದಲೇ ತೀರಿಕೊಂಡಳು. ಬ್ಯಾಕ್ಟೀರಿಯಾಗಳ ಸಾವಿಗೆ ತಾವು ಅಂದೇ ಮಧ್ಯಾಹ್ನ ತನಿಖಾ ಸಮಿತಿ ನೇಮಿಸಿದಿರಿ. ಅಕ್ಕನ ಸಾವಿನ ಬಗ್ಗೆ ಕೇಳಿದಾಗ, ನೀರು ಸುರಕ್ಷಿತವಾಗಿದೆ ಎಂಬ ಉತ್ತರ ಬಂತು. ನನ್ನ ದೂರು ಇಷ್ಟೇ.

ಇದು ಬಹಿರಂಗ ಪತ್ರವಾದ್ದರಿಂದ ಓದುವ ಉಳಿದವರಿಗೂ ನಮ್ಮ ಕಸುಬು ತಿಳಿಯಲಿ. ಘಟಕದ ಅಂಗಳದ ಕೊಳಗಳಲ್ಲಿ ನಾವು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬೆಳೆಸುತ್ತೇವೆ. ಅದನ್ನು ಸೋಸಿ, ಆಮ್ಲ ಹಾಕಿ ಬೇಯಿಸಿ, ಒಳಗಿನ ಸಕ್ಕರೆ ಬಿಡಿಸಿ ಬ್ಯಾಕ್ಟೀರಿಯಾಗಳ ಮುಂದಿಡುತ್ತೇವೆ. ಅವು ಅದನ್ನು ತಿಂದು, ಹುದುಗಿಸಿ, ಲ್ಯಾಕ್ಟಿಕ್ ಆಮ್ಲ ಕೊಡುತ್ತವೆ. ಅದರಿಂದ ಮಣ್ಣಿನಲ್ಲಿ ಕರಗುವ ಪ್ಲಾಸ್ಟಿಕ್ಕು, ಮುಖಕ್ಕೆ ಹಚ್ಚುವ ಕ್ರೀಮು ಎಲ್ಲ ಆಗುತ್ತದೆ. ವಿದ್ಯೆ ಒಳ್ಳೆಯದೇ, ನಾನು ಅದರ ಅನ್ನ ತಿಂದವನು. ಆದರೆ ಆ ಹುದುಗಿನಿಂದ ಆಮ್ಲವನ್ನು ಬೇರ್ಪಡಿಸಲು ಬಳಸುವ ದ್ರಾವಕ ಹಿತ್ತಲ ಪೈಪಿನಿಂದ ಹೊಳೆಗೆ ಹೋಗುತ್ತದೆ. ಅಲ್ಲಿಂದ ಸ್ವಲ್ಪ ಕೆಳಗೆ ತಮ್ಮದೇ ಮಂಡಳಿ ನಮ್ಮ ನಲ್ಲಿಗಳಿಗೆ ನೀರೆತ್ತುತ್ತದೆ. ಒಂದು ಕೈಯಲ್ಲಿ ಸುರಿದು ಇನ್ನೊಂದು ಕೈಯಲ್ಲಿ ಎತ್ತುವ ಈ ಮಿತವ್ಯಯಕ್ಕೆ ತಮಗಿನ್ನೂ ಯಾಕೆ ಪ್ರಶಸ್ತಿ ಬಂದಿಲ್ಲವೋ ಕಾಣೆ. ಬ್ಯಾಕ್ಟೀರಿಯಾಗಳಿಗೆ ಮಾತ್ರ ದೂರದ ಗುಡ್ಡದ ಒರತೆಯಿಂದ ಟ್ಯಾಂಕರಿನಲ್ಲಿ ನೀರು ಬರುತ್ತದೆ.

ನನ್ನ ಅಕ್ಕ ಬಟ್ಟೆ ಹೊಲಿದು ಮಗಳನ್ನು ಸಾಕುತ್ತಿದ್ದವಳು. ಅವಳ ಕಣ್ಣು ಹಳದಿಯಾಗಿ, ಸೂಜಿಗೆ ದಾರ ಪೋಣಿಸಲೂ ತ್ರಾಣವಿಲ್ಲದಂತಾದಾಗ ವೈದ್ಯರು ಮೊದಲು ನೀರು ಬದಲಿಸಿ ಎಂದರು. ಕೊಂಡು ತಂದ ನೀರು ಕುಡಿಯಲಿಕ್ಕೇ ಮುಗಿಯುತ್ತಿತ್ತು, ಅಡುಗೆಗೆ ಮತ್ತೆ ನಲ್ಲಿಯೇ ಗತಿ. ಹಾಗಾಗಿ ಟ್ಯಾಂಕರಿನಿಂದ ಒಂದು ಕ್ಯಾನು ತುಂಬಿಕೊಂಡು ಹೊರಟೆ. ಗೇಟಿನಲ್ಲಿ ಸಿಕ್ಕಿಬಿದ್ದೆ. ತಮ್ಮ ತಂಪು ಕೋಣೆಯಲ್ಲಿ ನಡೆದ ಮಾತು ತಮಗೆ ಮರೆತಿರಬಹುದು.

"ಎಲ್ರೂ ಹೀಗೆ ಒಂದೊಂದು ಕ್ಯಾನ್ ಹೊತ್ಕೊಂಡು ಹೋದ್ರೆ ಬ್ಯಾಕ್ಟೀರಿಯಾಗೆ ಏನಯ್ಯ ಹಾಕೋದು?" ಎಂದಿರಿ.

"ಅಕ್ಕಂಗೆ ಹುಷಾರಿಲ್ಲ ಸಾರ್. ನೀರು ಬದಲಾಯಿಸಿ ಅಂದಿದಾರೆ."

"ಅವು ತುಂಬ ಸೂಕ್ಷ್ಮ ಕಣಯ್ಯ. ನಿಮ್ಮಕ್ಕ ಹೊಂದ್ಕೊಳ್ತಾರೆ ಬಿಡು."

ಮನೆಗೆ ಬಂದು ಇದನ್ನು ಹೇಳಿದರೆ ಅಕ್ಕ ನಕ್ಕಳು. "ಹಾಗಾದ್ರೆ ನಿಮ್ ಸಾಹೇಬ್ರಿಗೆ ಹೇಳಿ ನನ್ನೂ ಆ ಟ್ಯಾಂಕಿಗೆ ಹಾಕ್ಸೋ. ಒಂದು ಮೂಲೇಲಿ ಬಿದ್ದಿರ್ತೀನಿ, ಯಾರಿಗೂ ತೊಂದ್ರೆ ಕೊಡಲ್ಲ" ಎಂದಳು. ತಮ್ಮ ಮಾತು ಸುಳ್ಳಾಗಲಿಲ್ಲ, ಮಾನ್ಯರೇ. ಅವಳು ಹೊಂದಿಕೊಂಡಳು. ಈಗ ಯಾವ ನೀರೂ ಬೇಡ ಅವಳಿಗೆ.

ಆಮೇಲೆ ಟ್ಯಾಂಕರು ಕೆಟ್ಟು ನಿಂತಿತು. ಕೆಲಸ ನಿಲ್ಲಬಾರದೆಂದು ಮೇಲ್ವಿಚಾರಕರು ನಲ್ಲಿಯ ನೀರು ಬಿಡಲು ಹೇಳಿದರು, ನಾನು ಬಿಟ್ಟೆ. ಮರುದಿನ ಬೆಳಿಗ್ಗೆ ಟ್ಯಾಂಕಿನಿಂದ ಬರಬೇಕಾದ ಹುಳಿ ವಾಸನೆಯೇ ಇರಲಿಲ್ಲ. ಒಳಗೆ ಕಲಕುವ ರೆಕ್ಕೆ ಸತ್ತ ಗಂಜಿಯನ್ನು ಸುಮ್ಮನೆ ತಿರುವುತ್ತಿತ್ತು. ತಾವು ಓಡಿ ಬಂದಿರಿ. ಅಷ್ಟು ವೇಗವಾಗಿ ತಾವು ನಡೆಯಬಲ್ಲಿರಿ ಎಂದು ನಮಗಾರಿಗೂ ಗೊತ್ತಿರಲಿಲ್ಲ. ಎಲ್ಲರೆದುರು ತಾವು ಕೇಳಿದ ಪ್ರಶ್ನೆಯನ್ನು ಒಂದಕ್ಷರ ಬಿಡದೆ ಇಲ್ಲಿ ಬರೆಯುತ್ತೇನೆ: "ಜೀವ ಇರೋದಕ್ಕೆ ಯಾರಾದ್ರೂ ಈ ನೀರು ಹಾಕ್ತಾರೇನ್ರೀ?"

ಹಾಕುತ್ತಾರೆ, ಮಾನ್ಯರೇ. ತಾವೇ ಹಾಕುತ್ತೀರಿ, ದಿನಾ ಬೆಳಿಗ್ಗೆ. ಅಂದು ಸಂಜೆಯೊಳಗೆ ನಾನು ಅಮಾನತಾದೆ, ಬ್ಯಾಕ್ಟೀರಿಯಾಗಳ ವಿಷಯದಲ್ಲಿ ನಿರ್ಲಕ್ಷ್ಯ ತೋರಿದ್ದಕ್ಕೆ.

ಈಗ ತಮ್ಮ ಸಮಿತಿ ಕ್ಲೋರಿನ್ನಿನ ಮೇಲೆ ತಪ್ಪು ಹೊರಿಸುತ್ತಿದೆಯಂತೆ. ಟ್ಯಾಂಕಿಗೆ ಹಾಕುವ ನೀರನ್ನು ನಾವು ಚೆನ್ನಾಗಿ ಕುದಿಸಿ ಆರಿಸಿಯೇ ಹಾಕುತ್ತೇವೆ. ಕ್ಲೋರಿನ್ನು ಕುದಿಯಲ್ಲೇ ಹಾರಿಹೋಗುತ್ತದೆ, ದ್ರಾವಕ ಹೋಗುವುದಿಲ್ಲ. ಅಕ್ಕನೂ ಕುದಿಸಿಯೇ ಕುಡಿಯುತ್ತಿದ್ದಳು. ಇಷ್ಟು ಗೊತ್ತಿಲ್ಲದವರು ತಮ್ಮ ಸಮಿತಿಯಲ್ಲಿ ಯಾರೂ ಇಲ್ಲ. ಗೊತ್ತಿದ್ದೂ ಹೇಳದವರನ್ನೇ ತಾವು ಆರಿಸಿದ್ದೀರಿ, ಆ ಆಯ್ಕೆಯಲ್ಲಿ ಮಾತ್ರ ತಾವು ಯಾವ ನಿರ್ಲಕ್ಷ್ಯವನ್ನೂ ತೋರಿಲ್ಲ.

ನನಗೆ ಪರಿಹಾರ ಬೇಡ, ಕೆಲಸವೂ ಬೇಡ. ಅಕ್ಕನ ಮಗಳು ಈಗ ನನ್ನ ಬಳಿ ಇದ್ದಾಳೆ. ತಾಯಿಯ ಕೊಡ ಹಿಡಿದು ಬೆಳಿಗ್ಗೆ ಬೀದಿ ನಲ್ಲಿಯ ಸಾಲಿನಲ್ಲಿ ನಿಲ್ಲುತ್ತಾಳೆ. ಮೊನ್ನೆಯಿಂದ ಅವಳಿಗೆ ಊಟ ಸೇರುತ್ತಿಲ್ಲ. ಹಿತ್ತಲ ಪೈಪನ್ನು ಮುಚ್ಚಿಸಿ. ಅದು ಮುಚ್ಚುವವರೆಗೆ ಆ ಟ್ಯಾಂಕರು ಮೊದಲು ನಮ್ಮ ಬೀದಿಗೆ ಬರಲಿ. ಅದರ ಜೊತೆ ತಾವೂ ಬನ್ನಿ. ಕೊಡ ಹಿಡಿದು ನಿಂತ ಆ ಹುಡುಗಿಯ ಎದುರು, ಅಂದು ಟ್ಯಾಂಕಿನ ಮುಂದೆ ಕೇಳಿದಿರಲ್ಲ, ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಕೇಳಿ.

ಇಂತಿ,
ತಮ್ಮ ಬ್ಯಾಕ್ಟೀರಿಯಾಗಳಷ್ಟು ಸೂಕ್ಷ್ಮವಲ್ಲದ ಕಾರಣ ಇನ್ನೂ ಬದುಕಿರುವ,
ಟ್ಯಾಂಕಿಗೆ ನೀರು ಬಿಡುತ್ತಿದ್ದವನು