ಮೊದಲ ಭಾಗದಲ್ಲಿ ಇಲ್ಲದ ಅಣ್ಣ

ಪೂರಿಗಾಲಿ
೧೪-೯-೨೦೨೫, ಭಾನುವಾರ

ಪ್ರೀತಿಯ ಮಗ ಸ್ವರೂಪನಿಗೆ ನಿನ್ನ ಅವ್ವನ ಆಶೀರ್ವಾದ.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಆರೋಗ್ಯ ಹೇಗಿದೆ? ಹೈದರಾಬಾದಿನ ಸಾರು ಬಲು ಖಾರ, ಎದೆ ಉರಿಯುತ್ತೆ ಅಂತಿದ್ದೆಯಲ್ಲ, ಈಗ ಕಡಿಮೆಯಾಯಿತೋ ಇಲ್ಲವೋ? ರಾತ್ರಿ ಮಲಗುವಾಗ ಜೀರಿಗೆ ನೀರು ಕುಡಿ. ಸಿನಿಮಾ ಕೆಲಸ ಅಂತ ಕತ್ತಲೆ ಕೋಣೆಯಲ್ಲಿ ಕೂತು ಕಣ್ಣು ಹಾಳು ಮಾಡಿಕೊಳ್ಳಬೇಡ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನಿಮ್ಮತ್ತಿಗೆ ಚಂದನ ನಿನ್ನನ್ನು ಬಹಳ ಕೇಳಿದಳು ಅಂತ ಬರೆಯೋಕೆ ಹೇಳಿದ್ದಾಳೆ. ನಿಮ್ಮಣ್ಣ ಯತೀಶ ಏನೂ ಹೇಳಿಲ್ಲ. ಅದಕ್ಕೇ ಈ ಕಾಗದ.

ಈ ಕಾಲದಲ್ಲೂ ಕಾಗದವಾ ಅಂತ ನಗಬೇಡ. ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಇದು, ಇನ್ನೂ ನಡುಗಿಲ್ಲ. ಫೋನು ಮಾಡಿದರೆ ನಿಮ್ಮಪ್ಪನ ಕಿವಿಗಾಗಿ ಸ್ಪೀಕರ್ ಹಾಕಬೇಕು. ಸ್ಪೀಕರಿನಲ್ಲಿ ನಿನ್ನ ದನಿ ಬಂದ ಕೂಡಲೇ ಯತೀಶ ಎದ್ದು ಹಿತ್ತಲಿಗೆ ಹೋಗುತ್ತಾನೆ. ನಾನು ಅದನ್ನು ನೋಡಿ, ಸಂಕಟಪಟ್ಟು, ಹೇಳಬೇಕಾದ ಮಾತು ಎತ್ತುವಷ್ಟರಲ್ಲಿ ನೀನು ಮೀಟಿಂಗ್ ಅವ್ವ ಅಂತ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಅರ್ಧಕ್ಕೆ ಇಡೋಕೆ ಆಗುವುದಿಲ್ಲ, ಓದು.

ನಿನ್ನ ಎರಡನೇ ಸಿನಿಮಾ ನೋಡಿದೆವು. ಹೋದ ಭಾನುವಾರ ನಾನು, ನಿಮ್ಮಪ್ಪ, ಪಕ್ಕದ ಮನೆ ಸಣ್ಣತಾಯಮ್ಮ ಮೂವರೂ ಬಸ್ಸು ಹತ್ತಿ ಮಳವಳ್ಳಿಗೆ ಹೋಗಿ ನೋಡಿಕೊಂಡು ಬಂದೆವು. ಯತೀಶನನ್ನೂ ಕರೆದೆ. ರೇಷ್ಮೆ ಹುಳುವಿಗೆ ಸೊಪ್ಪು ಹಾಕಬೇಕು ಅಂದ. ಸೊಪ್ಪನ್ನು ಚಂದನ ಹಾಕುತ್ತಾಳೆ ಬಾ ಅಂದರೆ, ಚಂದನ ಹಾಕಿದರೆ ಹುಳು ತಿನ್ನುವುದಿಲ್ಲ ಅನ್ನುವ ಹಾಗೆ ಮುಖ ಮಾಡಿದ. ನಿನ್ನ ಹೆಸರು ಪರದೆಯ ಮೇಲೆ ಬಂದಾಗ ನಿಮ್ಮಪ್ಪ ಶಿಳ್ಳೆ ಹೊಡೆಯಲು ಹೋಗಿ ಹಲ್ಲಿನ ಸೆಟ್ಟು ಜಾರಿತು, ಅದು ಬೇರೆ ಕಥೆ. ಸಿನಿಮಾ ಚೆನ್ನಾಗಿತ್ತು ಕಂದ, ಆದರೆ ನನಗೆ ತಲೆಬುಡ ಗೊತ್ತಾಗಲಿಲ್ಲ. ಮೊದಲನೇ ಸಿನಿಮಾದಲ್ಲಿ ಕ್ಯಾಪ್ಟನ್ನು ಗಡ್ಡ ಬೆಳೆದ ಮುದುಕ, ಆಕಾಶನೌಕೆಯಲ್ಲಿ ಒಬ್ಬನೇ ಸುತ್ತುತ್ತಿದ್ದ. ಇದರಲ್ಲಿ ನೋಡಿದರೆ ಅವನಿಗೆ ಇನ್ನೂ ಮೀಸೆಯೇ ಚಿಗುರಿಲ್ಲ. ಇದು ಅದಕ್ಕೂ ಹಿಂದಿನ ಕಥೆಯಂತೆ. ಹಿಂದಿನದನ್ನು ಮುಂಚೆ ತೋರಿಸಬೇಕೋ ಬೇಡವೋ? ನಾಮಕರಣದ ಊಟ ಹಾಕಿ ಆಮೇಲೆ ಮದುವೆ ಪತ್ರಿಕೆ ಹಂಚಿದ ಹಾಗಾಯಿತು. ಮುದುಕ ಯಾವಾಗ ಬರ್ತಾನೆ, ಅವನಿಗೇನಾಯ್ತು ಅಂತ ಸಣ್ಣತಾಯಮ್ಮ ಇಂಟರ್ವಲ್ಲಿನವರೆಗೂ ಪೀಡಿಸಿದಳು. ಕೊನೆಗೆ ನಿಮ್ಮಪ್ಪ ಇಡೀ ಥಿಯೇಟರಿಗೆ ಕೇಳುವ ಹಾಗೆ, 'ಇವ್ನು ಮೊದಲ್ನೇ ಕೃಷ್ಣ ಕಣಮ್ಮಿ, ಆವತ್ತು ನಾವ್ ನೋಡುದ್ದು ಎರಡ್ನೇ ಕೃಷ್ಣ' ಅಂದರು. ಅವಳಿಗೆ ಥಟ್ಟನೆ ಅರ್ಥವಾಯಿತು. ನಮ್ಮೂರಿನ ನಾಟಕ ನೋಡಿದವರಿಗೆ ಅದೇನು ಹೊಸದೇ? ಕೃಷ್ಣನ ಪಾರ್ಟು ಎಲ್ಲರಿಗೂ ಬೇಕು, ಅದಕ್ಕೆ ಒಂದೇ ಪಾತ್ರವನ್ನು ಇಬ್ಬರಿಗೋ ಮೂವರಿಗೋ ಹಂಚಿ, ಮೊದಲನೇ ಕೃಷ್ಣ ಒಳಗೆ ಹೋದರೆ ಎರಡನೇ ಕೃಷ್ಣ ಆಚೆ ಬರುವುದು. ಒಬ್ಬ ಕುಳ್ಳ, ಒಬ್ಬ ಉದ್ದ ಇದ್ದರೂ ಯಾರೂ ಕೇಳುವುದಿಲ್ಲ. ಹಾಗಾಗಿ ಮುಖ ಬೇರೆಯಾದದ್ದಕ್ಕೆ ನನ್ನ ತಕರಾರಿಲ್ಲ.

ಮಿಕ್ಕಿದ್ದಕ್ಕೆ ಇದೆ. ಆ ನೌಕೆ ಮೊದಲನೇ ಸಿನಿಮಾದಲ್ಲಿ ತುಕ್ಕು ಹಿಡಿದು, ಸ್ವಿಚ್ಚು ಒತ್ತಿ ಒತ್ತಿ ಸಾಯಬೇಕಿತ್ತು. ಅದಕ್ಕಿಂತ ನಲವತ್ತು ವರ್ಷ ಹಿಂದಿನ ಕಥೆ ಅಂತ ಹೇಳಿ, ಇದರಲ್ಲಿ ಗಾಳಿಯಲ್ಲಿ ಬೆರಳಾಡಿಸಿದರೆ ಬಾಗಿಲು ತೆಗೆಯುತ್ತದೆ. ಕಾಲ ಹಿಂದಕ್ಕೆ ಹೋದರೆ ಯಂತ್ರ ಇನ್ನೂ ಜಾಣವಾಗುತ್ತದಾ? ಆ ಮಾತಾಡುವ ಯಂತ್ರದ ಆಳು ಮೊದಲನೇದರಲ್ಲಿ ಕ್ಯಾಪ್ಟನ್ನನ್ನು ಕಂಡು ನೀವು ಯಾರು ಅಂತ ಕೇಳಿತ್ತು. ಇದರಲ್ಲಿ ಅದೇ ಅವನನ್ನು ಕಂಕುಳಲ್ಲಿ ಎತ್ತಿ ಆಡಿಸಿದೆ. ನಿಮ್ಮಪ್ಪ ವಯಸ್ಸಾಯ್ತಲ್ಲ, ಮರೆತಿರಬೇಕು ಅಂದರು. ಕಬ್ಬಿಣಕ್ಕೂ ಮರೆವು ಬಂದರೆ ನಮ್ಮ ಗತಿ ಏನು? ಹೋಗಲಿ, ಕಥೆ ಅಂದ ಮೇಲೆ ಕಾಲಿದೆಯಾ ಬಾಲವಿದೆಯಾ ಅಂತ ಕೇಳಬಾರದು ಅಂತ ಇದನ್ನೆಲ್ಲ ನುಂಗಿಕೊಂಡೆ. ಆದರೆ ಅವನಿಗೆ ಒಬ್ಬ ಅಣ್ಣ ಎಲ್ಲಿಂದ ಬಂದ ಮಗ? ಅದನ್ನು ನುಂಗಲಾಗಲಿಲ್ಲ.

ಮೊದಲನೇ ಸಿನಿಮಾದಲ್ಲಿ ಕ್ಯಾಪ್ಟನ್ನು ಕಿಟಕಿಯ ಪಕ್ಕ ನಿಂತು ಒಂದು ಮಾತು ಹೇಳುತ್ತಾನಲ್ಲ, 'ನನಗೆ ಹಿಂದೂ ಯಾರಿಲ್ಲ, ಮುಂದೂ ಯಾರಿಲ್ಲ. ಒಬ್ಬನೇ ಹುಟ್ಟಿದೆ, ಒಬ್ಬನೇ ಬೆಳೆದೆ' ಅಂತ. ಜನ ಶಿಳ್ಳೆ ಹೊಡೆದ ಮಾತು. ಅವತ್ತು ನೀನು ಇಲ್ಲಿರಲಿಲ್ಲ, ನಾನಿದ್ದೆ. ಯತೀಶ ಟೆಂಪೋ ಮಾಡಿ ಊರಿನ ಅರ್ಧ ಜನವನ್ನು ಮಂಡ್ಯಕ್ಕೆ ಕರೆದುಕೊಂಡು ಹೋಗಿದ್ದ. ನಮ್ಮ ತಮ್ಮ ಬರೆದ ಸಿನಿಮಾ ಅಂತ ದಾರಿಯುದ್ದಕ್ಕೂ ಹೇಳಿದ. ಆ ಮಾತು ಬಂದಾಗ ಹಿಂದಿನ ಸಾಲಿನಲ್ಲಿದ್ದ ಚಲುವರಾಜು ಬಗ್ಗಿ ಅವನ ಹೆಗಲು ತಟ್ಟಿ, 'ಏನ್ಲಾ ಯತೀಸ, ನೀನ್ ಹುಟ್ಟೇ ಇಲ್ವಂತಲ್ಲ' ಅಂದ. ತಮಾಷೆಗೆ ಅಂದದ್ದು, ಎಲ್ಲರೂ ನಕ್ಕರು, ಅವನೂ ನಕ್ಕ. ಆಮೇಲೆ ಮದ್ದೂರಿನಲ್ಲಿ ಟೆಂಪೋ ನಿಲ್ಲಿಸಿ ಎಲ್ಲರಿಗೂ ವಡೆ ಕೊಡಿಸಿದ, ತಾನು ತಿನ್ನಲಿಲ್ಲ. ಅಪ್ಪ ಹಾಸಿಗೆ ಹಿಡಿದಾಗ ಮಂಡ್ಯದ ವಿ.ಸಿ. ಫಾರಂನ ಕೃಷಿ ಓದು ಬಿಟ್ಟು ಬಂದು, ಅವ್ನು ಓದ್ಲಿ ಬುಡವ್ವ ಅಂತ ನಿನ್ನನ್ನು ಕಳಿಸಿದವನು ಅವನು. ಅದು ನಿನಗೂ ಗೊತ್ತು. ಅವನು ಯಾಕೆ ಫೋನಿಗೆ ಬರುವುದಿಲ್ಲ ಅಂತ ಎಷ್ಟೋ ಸಲ ಕೇಳಿದ್ದೀಯ. ಅವನ ಬಾಯಿಂದಲೇ ಬರಲಿ ಅಂತ ನಾನು ಕಾದೆ. ಅವನ ಬಾಯಿ ಎಂಥದ್ದು ಅಂತ ನಿನಗೆ ಹೇಳಬೇಕಾ? ಮೂರು ವರ್ಷವಾಯಿತು, ನಿನ್ನ ಹೆಸರನ್ನು ಈ ಮನೆಯಲ್ಲಿ ಅವನು ಎತ್ತಿಲ್ಲ.

ಈಗ ಈ ಸಿನಿಮಾದಲ್ಲಿ ನೋಡಿದರೆ ಒಬ್ಬನೇ ಹುಟ್ಟಿದವನಿಗೆ ಅಣ್ಣ ಇದ್ದಾನೆ. ಭೂಮಿಗೆ ಬೆಂಕಿ ಬಿದ್ದಿದೆ, ನೌಕೆಯಲ್ಲಿ ಒಂದೇ ಜಾಗ ಇದೆ. ಆ ಅಣ್ಣ ತನ್ನ ತಲೆಯ ಹೆಲ್ಮೆಟ್ಟು ತೆಗೆದು ತಮ್ಮನ ತಲೆಗೆ ಇಟ್ಟು, ಹೋಗು, ನಾನು ಇಲ್ಲೇ ಇರ್ತೀನಿ ಅನ್ನುತ್ತಾನೆ. ಇದನ್ನು ನಾನು ಮುಂಚೆಯೇ ನೋಡಿದ್ದೇನೆ ಸ್ವರೂಪ. ನಿಮ್ಮಪ್ಪ ನನ್ನ ಕೈ ಹಿಡಿದುಕೊಂಡರು, ಅವರಿಗೂ ನೆನಪಾಯಿತು ಅಂತ ಕಾಣುತ್ತೆ. ಊರಿನ ನಾಟಕದಲ್ಲಿ ಯತೀಶ ಮೊದಲನೇ ಕೃಷ್ಣ, ನೀನು ಎರಡನೇ ಕೃಷ್ಣ. ನೀನು ಸೈಡ್‌ವಿಂಗಿನಲ್ಲಿ ಗಡಗಡ ನಡುಗುತ್ತಾ, ನಾನು ಒಲ್ಲೆ, ಮನೆಗೆ ಹೋಗ್ತೀನಿ ಅಂತ ಅಳುತ್ತಿದ್ದೆ. ಮೇಷ್ಟ್ರು ಹಾರ್ಮೋನಿಯಂ ಎಳೆದೂ ಎಳೆದೂ ಸುಸ್ತಾಗಿದ್ದರು. ಯತೀಶ ಒಳಗೆ ಬಂದವನೇ ತನ್ನ ಕಿರೀಟ ತೆಗೆದು ನಿನ್ನ ತಲೆಗೆ ಇಟ್ಟ. 'ಓಗ್ಲಾ, ನಾನ್ ಇಲ್ಲೇ ಇವ್ನಿ' ಅಂದ. ನಿನ್ನ ಪಾರ್ಟು ಮುಗಿಯುವವರೆಗೂ ಪರದೆ ಹಿಡಿದು ಅಲ್ಲೇ ನಿಂತಿದ್ದ. ಅವತ್ತು ನಿಮಗೆ ಬಣ್ಣ ಹಚ್ಚಲು ಒಳಗಿದ್ದವಳು ನಾನು, ನನಗೆ ಗೊತ್ತು.

ಆದರೆ ನನಗೆ ಗೊತ್ತಿಲ್ಲದ್ದು ಒಂದಿದೆ, ಅದನ್ನು ಕೇಳಬೇಕು. ಅದನ್ನು ಬರೆದದ್ದು ನೀನಾ? ಪರದೆಯ ಮೇಲೆ ಕಥೆ ಅಂತ ನಾಲ್ಕು ಹೆಸರು ಬಂತು. ಬೇರೆ ಯಾವುದೋ ಊರಿನ ಯಾರೋ ಮಹಾರಾಯ, ಅಳಿಸೋಕೆ ಒಬ್ಬ ಅಣ್ಣ ಇರಲಿ ಅಂತ ಸೇರಿಸಿದನೋ? ಮೊದಲನೇ ಭಾಗ ನೆನಪಿಲ್ಲದೆ ಆದ ತಪ್ಪೋ? ಇಲ್ಲ, ಆವತ್ತಿನ ಮಾತು ಯತೀಶನಿಗೆ ನಾಟಿದೆ ಅಂತ ನಿನಗೆ ಹೇಗೋ ತಿಳಿದು, ಬೇಕಂತಲೇ ಅಣ್ಣನನ್ನು ತಂದೆಯೋ? ಒಂದು ಸಲ ಹೀಗನ್ನಿಸುತ್ತದೆ, ಒಂದು ಸಲ ಹಾಗನ್ನಿಸುತ್ತದೆ. ಹಿಟ್ಟು ತೊಳಸುವಾಗಲೂ ಇದೇ ಯೋಚನೆ, ಮೊನ್ನೆ ಮುದ್ದೆ ಗಂಟುಗಂಟಾಯಿತು. ಚಂದನ ಫೋನಿನಲ್ಲಿ ಜನ ಬರೆದದ್ದನ್ನು ಓದಿ ಹೇಳಿದಳು. ಎಲ್ಲರೂ ಅದನ್ನೇ ಹಿಡಿದು ಆಡಿಕೊಂಡಿದ್ದಾರೆ, ಮೊದಲ ಭಾಗದಲ್ಲಿ ಇಲ್ಲದ ಅಣ್ಣ ಎಲ್ಲಿಂದ ಉದುರಿದ, ಬರೆದವನಿಗೆ ಜ್ಞಾನ ಇಲ್ಲವಾ ಅಂತ. ನಿಮ್ಮ ಡೈರೆಕ್ಟರು ಅದಕ್ಕೆ ಉತ್ತರ ಕೊಟ್ಟಿದ್ದನ್ನೂ ತೋರಿಸಿದಳು. ತಪ್ಪಾಗಿದೆ ನಿಜ, ಸಿನಿಮಾ ಮೊಬೈಲಿಗೆ ಬರುವಾಗ ಅಣ್ಣನ ಸೀನುಗಳನ್ನು ತೆಗೆಯುತ್ತೇವೆ ಅಂದಿದ್ದಾರೆ. ಅದು ಮಾತ್ರ ಆಗಬಾರದು.

ಯಾಕೆ ಅಂತ ಹೇಳುತ್ತೇನೆ. ಸಿನಿಮಾ ನೋಡಿ ಬಂದ ರಾತ್ರಿ ನಿಮ್ಮಪ್ಪ ಊಟಕ್ಕೆ ಕೂತು ಚಂದನಾಳಿಗೆ ಕಥೆ ಹೇಳಿದರು. ಅಣ್ಣನ ವಿಷಯ ಬಂದಾಗ ಯತೀಶ ತಟ್ಟೆ ನೋಡುತ್ತಾ ಉಂಡ. ಗುರುವಾರ ಹುಳು ಹಣ್ಣಾದವು. ಹಣ್ಣಾದ ಹುಳುವನ್ನು ಆರಿಸಿ ಆರಿಸಿ ಗೂಡು ಕಟ್ಟೋಕೆ ಚಂದ್ರಿಕೆಯ ತಟ್ಟಿಗೆ ಬಿಡಬೇಕು, ಆ ದಿನ ಮನೆಯಲ್ಲಿ ಹೆಣ ಬಿದ್ದರೂ ರೇಷ್ಮೆಯವನು ಅಲ್ಲಾಡುವ ಹಾಗಿಲ್ಲ. ಅಂಥ ದಿನ ನಿಮ್ಮಣ್ಣ ಮೋಟರಿನ ಸಾಮಾನು ತರಬೇಕು ಅಂತ ಮಂಡ್ಯಕ್ಕೆ ಹೋದ. ನಾನೂ ಚಂದನಾನೂ ಸೊಂಟ ಮುರಿದುಕೊಂಡು ಹುಳು ಆರಿಸಿದೆವು. ಸಂಜೆ ಬರಿಗೈಲಿ ಬಂದ. ಬೈಯಲು ಬಾಯಿ ತೆರೆದೆ, ಅವನ ಕೆಂಪಾದ ಕಣ್ಣು ನೋಡಿ ಕುಡಿಯಲು ನೀರು ಕೊಟ್ಟೆ. ರಾತ್ರಿ ಸಣ್ಣತಾಯಮ್ಮನ ಮುಂದೆ ನಿಮ್ಮಪ್ಪ ಮತ್ತೆ ಅದೇ ಕಥೆ ತೆಗೆದು, ಆ ಅಣ್ಣ ಹೆಲ್ಮೆಟ್ಟನ್ನು ಒಂದು ಕೈಲಿ ತೆಗೆದು ತಮ್ಮನ ತಲೆಗೆ ಹಾಕಿದ ಅಂತ ಅಭಿನಯಿಸಿ ತೋರಿಸುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ಯತೀಶ, 'ಒಂದ್ ಕೈಲಲ್ಲ ಕಣಪ್ಪ, ಎರಡೂ ಕೈಲಿ' ಅಂದ. ನಿಮ್ಮಪ್ಪ ಇನ್ನೊಂದು ಕೈಯನ್ನೂ ಎತ್ತಿದರು. ನೀನ್ಯಾವಾಗ ನೋಡಿದೆ ಅಂತ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅದಕ್ಕೇ ಬೇಡಿಕೊಳ್ಳುತ್ತೇನೆ ಮಗ. ಅದು ತಪ್ಪೇ ಆಗಿದ್ದರೂ ಆ ತಪ್ಪನ್ನು ತಿದ್ದಬೇಡಿ. ನೌಕೆಗೆ ತುಕ್ಕು ಬಳಿಯಲಿ, ಯಂತ್ರಕ್ಕೆ ನೆನಪು ಬರಿಸಲಿ, ಅಣ್ಣನನ್ನು ಮಾತ್ರ ಕತ್ತರಿಸಬೇಡಿ ಅಂತ ನಿಮ್ಮ ಡೈರೆಕ್ಟರಿಗೆ ಹೇಳು. ತಿದ್ದಲೇಬೇಕು ಅಂದರೆ ಮೊದಲನೇ ಸಿನಿಮಾದ ಆ ಮಾತನ್ನು ತಿದ್ದಲಿ. ಒಂದು ಸಲ ಹುಟ್ಟೇ ಇಲ್ಲ ಅನ್ನಿಸಿಕೊಂಡವನು ಈಗ ಹುಟ್ಟಿದ್ದಾನೆ, ಅವನನ್ನು ಇನ್ನೊಂದು ಸಲ ಇಲ್ಲ ಅನ್ನಿಸಿದರೆ ನನಗೆ ಇನ್ನು ನೋಡಲಾಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ತಲೆಗೆ ಎಣ್ಣೆ ಹಚ್ಚಿಕೋ. ಮುತ್ತತ್ತಿರಾಯ ನಿನ್ನನ್ನು ಚೆನ್ನಾಗಿಟ್ಟಿರಲಿ. ನಿಮ್ಮಪ್ಪನ ಆಶೀರ್ವಾದ, ಸಣ್ಣತಾಯಮ್ಮನದೂ ಸೇರಿಸಿಕೋ, ಅವಳು ಇನ್ನೂ ಆ ಮುದುಕನನ್ನು ಕಾಯುತ್ತಿದ್ದಾಳೆ.

ನಿನ್ನ ಅವ್ವ,
ದೇವಿರಮ್ಮ

ತಾ.ಕ.: ಈಗ ಸೋಮವಾರ ಬೆಳಿಗ್ಗೆ. ಇದನ್ನು ಮಳವಳ್ಳಿಯಲ್ಲಿ ಅಂಚೆಗೆ ಹಾಕಲು ಚಂದನ ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದಾಳೆ. ಯತೀಶ ಈಗ ಹಾಲು ಕರೆಯುತ್ತಾ, ನನ್ನ ಕಡೆ ತಿರುಗದೆ, 'ಅವ್ವ, ಅವ್ರಣ್ಣ ಒಬ್ನೇ ಅಲ್ಲೇ ಉಳ್ಕಂಡ್ನಲ್ಲ. ತಮ್ಮ ತಿರ್ಗಾ ಬತ್ತಾನಾ, ಇಲ್ಲಾ ಅಲ್ಗೇ ಮುಗೀತಾ? ಸ್ವರೂಪನ್ನ ಕೇಳು' ಅಂದ. ಹೆಸರು ಹಿಡಿದೇ ಹೇಳಿದ. ಇದಕ್ಕೆ ನನಗೆ ಉತ್ತರ ಬರೆಯಬೇಡ. ಕಾಗದ ಸೇರುವಷ್ಟರಲ್ಲಿ ಗೂಡು ಬಿಡಿಸಿ ಮುಗಿದಿರುತ್ತದೆ, ಸಂಜೆ ಹೊತ್ತು ಅವನು ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಾನೆ. ಫೋನು ಮಾಡು. ನಾನು ಸ್ಪೀಕರ್ ಹಾಕುವುದಿಲ್ಲ.